ಸ್ಟಿಕ್ಕರ್ ಮೇಲಿನ ಅಂಕಿ, ಒಳಗಿನ ಚಿಪ್

ಲಂಡನ್ನಿನಲ್ಲಿ ಗೇಮಿಂಗ್ ಕಂಪ್ಯೂಟರಿಗೆ ರ‍್ಯಾಮ್ ಕೊಳ್ಳಲು ಹೊರಟವರಿಗೆ ಮೊದಲು ಗೊತ್ತಾಗುವ ಸಂಗತಿಯೆಂದರೆ, ಹೋಗಿ ಕೊಳ್ಳಲು ಒಂದು ಬೀದಿಯೇ ಇಲ್ಲ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಟೌನ್‌ಹಾಲ್ ಬಳಿ ಇಳಿದು ಒಳಗೆ ನುಗ್ಗಿದರೆ ಒಂದು ಅಂಗಡಿಯ ದರವನ್ನು ಪಕ್ಕದ ಅಂಗಡಿಯಲ್ಲಿ ಹೇಳಿ ಇನ್ನೂರು ರೂಪಾಯಿ ಇಳಿಸಬಹುದು. ಲಂಡನ್ನಿಗೂ ಅಂಥದೊಂದು ಬೀದಿ ಇತ್ತು, ಟಾಟೆನ್‌ಹ್ಯಾಮ್ ಕೋರ್ಟ್ ರೋಡ್. ಹೈಫೈ, ಕ್ಯಾಮೆರಾ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳು ಅಲ್ಲಿ ಸಾಲುಗಟ್ಟಿದ್ದವು. ಈಗ ಆ ರಸ್ತೆಯಲ್ಲಿ ಸೋಫಾ ಸಿಗುತ್ತದೆ, ಕಾಫಿ ಸಿಗುತ್ತದೆ. ಹಳೆಯ ಗೇಮು, ಹಳೆಯ ಬಿಡಿಭಾಗಗಳನ್ನು ಕೊಂಡು ಮಾರುವ ‘ಸಿಇಎಕ್ಸ್’ ಕಂಪನಿ 1992ರಲ್ಲಿ ಹುಟ್ಟಿದ್ದು ಲಂಡನ್ನಿನಲ್ಲಿ. ರ‍್ಯಾಮ್ ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲು ಉಳಿದಿರುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಪಿಸಿ ವರ್ಲ್ಡ್ ತನ್ನ ಮೊದಲ ಮಳಿಗೆ ತೆರೆದದ್ದು 1991ರಲ್ಲಿ, ನಮ್ಮ ಕ್ರಾಯ್ಡನ್ನಿನಲ್ಲಿ. ಆ ಹೆಸರೂ ಈಗ ಕರೀಸ್‌ನಲ್ಲಿ ಕರಗಿಹೋಗಿದೆ. ಹೊಸ ರ‍್ಯಾಮ್ ಬೇಕಾದವರು ಸ್ಟಾಫರ್ಡ್‌ಶೈರಿನ ಓವರ್‌ಕ್ಲಾಕರ್ಸ್ ಯುಕೆಗೋ ಬೋಲ್ಟನ್ನಿನ ಸ್ಕ್ಯಾನ್‌ಗೋ ಆರ್ಡರ್ ಹಾಕಿ ಕೊರಿಯರ್ ವ್ಯಾನಿಗೆ ಕಾಯಬೇಕು. ಅಂದರೆ ಈ ಮಹಾನಗರದಲ್ಲಿ ಮುಟ್ಟಿ ನೋಡದೆ, ಕೇಳಿ ತಿಳಿಯದೆ, ಪರದೆಯ ಮೇಲಿನ ಎರಡು ಅಂಕಿಗಳನ್ನು ನಂಬಿ ದುಡ್ಡು ಕೊಡಬೇಕು. ಆ ಎರಡು ಅಂಕಿಗಳಲ್ಲಿ ದೊಡ್ಡದನ್ನು ಮಾತ್ರ ನೋಡುವವರೇ ಹೆಚ್ಚು. ಈ ವಾರದ ತಕರಾರು ಅದರ ಬಗ್ಗೆ.

ತಕರಾರಿಗೆ ಈಗ ತುರ್ತು ಬಂದಿರುವುದು ಬೆಲೆಯಿಂದ. 2025ರ ನಡುವಿನಲ್ಲಿ ನೂರು ಪೌಂಡಿನ ಆಸುಪಾಸಿಗೆ ಸಿಗುತ್ತಿದ್ದ 32 ಜಿಬಿ ಡಿಡಿಆರ್5 ಕಿಟ್ ವರ್ಷ ಮುಗಿಯುವಷ್ಟರಲ್ಲಿ ಅದರ ಮೂರು ಪಟ್ಟು ಬೆಲೆಗೆ ಏರಿ ಕೂತಿತು. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡುವವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೂವರ ಕಾರ್ಖಾನೆಗಳೂ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಕಡೆಗೆ ವಾಲಿವೆ. ಮೈಕ್ರಾನ್ ಅಂತೂ 2025ರ ಡಿಸೆಂಬರಿನಲ್ಲಿ, ಸುಮಾರು ಮೂರು ದಶಕ ನಡೆಸಿದ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿಬಿಟ್ಟಿತು. ಮನೆಯಲ್ಲಿ ಕಂಪ್ಯೂಟರ್ ಜೋಡಿಸುವವರು ಈ ಉದ್ಯಮಕ್ಕೆ ಈಗ ಮುಖ್ಯ ಗಿರಾಕಿಗಳಲ್ಲ. ಹೀಗಿರುವಾಗ ತಪ್ಪು ಕಿಟ್ ಕೊಂಡರೆ ಸುಟ್ಟುಕೊಳ್ಳುವುದು ಹಿಂದಿನಂತೆ ಬೆರಳ ತುದಿ ಮಾತ್ರವಲ್ಲ.

ಮೊದಲು ಲೆಕ್ಕ. ಡಬ್ಬಿಯ ಮೇಲೆ ‘6000 ಸಿಎಲ್30’ ಎಂದಿರುತ್ತದೆ. 6000 ಎಂಬುದು ಸೆಕೆಂಡಿಗೆ ಎಷ್ಟು ದಶಲಕ್ಷ ಬಾರಿ ದತ್ತಾಂಶ ದಾಟುತ್ತದೆ ಎಂಬ ವೇಗ. 30 ಎಂಬುದು, ಕೇಳಿದ ಮೇಲೆ ಮೊದಲ ತುಣುಕು ಹೊರಡಲು ಎಷ್ಟು ಕ್ಲಾಕ್ ಕಾಯಬೇಕು ಎಂಬ ಲೆಕ್ಕ. ದರ್ಶಿನಿಯಲ್ಲಿ ಟೋಕನ್ ಕೊಟ್ಟು ದೋಸೆ ಕೈಗೆ ಬರುವವರೆಗೆ ನಿಲ್ಲುವ ಹೊತ್ತು ಎರಡನೆಯದು. ಆ ಕಾವಲಿಯಿಂದ ಗಂಟೆಗೆ ಎಷ್ಟು ದೋಸೆ ಏಳುತ್ತವೆ ಎಂಬುದು ಮೊದಲನೆಯದು. ಕಾಯುವ ಹೊತ್ತನ್ನು ನ್ಯಾನೊಸೆಕೆಂಡಿನಲ್ಲಿ ತಿಳಿಯಲು ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಸಾಕು. 6000 ಸಿಎಲ್30 ಎಂದರೆ ಸರಿಯಾಗಿ 10. 6000 ಸಿಎಲ್40 ಎಂದರೆ 13.3. ಮದರ್‌ಬೋರ್ಡಿಗೆ ಏನೂ ಹೇಳದೆ ಬಿಟ್ಟರೆ ಹಲವು ಕಿಟ್‌ಗಳು ಓಡುವ 4800 ಸಿಎಲ್40 ಎಂದರೆ 16.7. ಇನ್ನು ಹಳೆಯ ಡಿಡಿಆರ್4ನ 3200 ಸಿಎಲ್16 ಕೂಡ 10, 3600 ಸಿಎಲ್18 ಕೂಡ 10, 3200 ಸಿಎಲ್14 ಆದರೆ 8.75. ಹೊಸ ಪೀಳಿಗೆ ಬಂತೆಂದು ಕಾಯುವ ಹೊತ್ತೇನೂ ಇಳಿದಿಲ್ಲ. ಇಳಿಯದ್ದಕ್ಕೆ ಕಾರಣ ಚಿಪ್ಪಿನೊಳಗಿನ ಕೋಶ: ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಎಂಬ ವಿನ್ಯಾಸವೇ ಇವತ್ತಿಗೂ ನಡೆಯುತ್ತಿದೆ. ಆ ಪುಟ್ಟ ಕೆಪಾಸಿಟರಿನ ವಿದ್ಯುದಂಶವನ್ನು ಓದಲು ಹಿಡಿಯುವ ಹೊತ್ತು ಮಾರುಕಟ್ಟೆ ವಿಭಾಗದ ಮಾತು ಕೇಳುವುದಿಲ್ಲ.

ಹಾಗಾದರೆ ಹೆಚ್ಚಿದ್ದೇನು? ದೋಸೆಯ ಸಂಖ್ಯೆ. ಎರಡು ಚಾನೆಲ್ಲಿನ ಡಿಡಿಆರ್4-3200 ಸೆಕೆಂಡಿಗೆ 51.2 ಜಿಬಿ ಸಾಗಿಸಿದರೆ ಡಿಡಿಆರ್5-6000 ಸಾಗಿಸುವುದು 96 ಜಿಬಿ. ವಿಡಿಯೊ ಎಡಿಟಿಂಗ್, ಕಂಪ್ರೆಶನ್‌ನಂಥ ಕೆಲಸಗಳಿಗೆ ಇದು ಹಬ್ಬ. ಗೇಮುಗಳ ಸ್ವಭಾವ ಬೇರೆ. ಅವು ಒಂದೇ ಸಲ ರಾಶಿ ಕೇಳುವುದಕ್ಕಿಂತ ಅಲ್ಲೊಂದು ಇಲ್ಲೊಂದು ಚೂರು ಕೇಳುವುದೇ ಹೆಚ್ಚು, ಯಾವುದನ್ನು ಕೇಳುತ್ತವೆಂದು ಪ್ರೊಸೆಸರಿಗೆ ಮುಂಚೆ ಊಹಿಸಲೂ ಆಗುವುದಿಲ್ಲ. ಫ್ಯಾಕ್ಟೋರಿಯೊದಲ್ಲಿ ದೊಡ್ಡ ಕಾರ್ಖಾನೆ ಕಟ್ಟಿದವರಿಗೆ, ಬಾಲ್ಡರ್ಸ್ ಗೇಟ್ 3ರ ಮೂರನೇ ಅಂಕದ ಗಿಜಿಗುಟ್ಟುವ ನಗರದಲ್ಲಿ ಅಡ್ಡಾಡಿದವರಿಗೆ ಇದರ ಅನುಭವ ಆಗಿರುತ್ತದೆ. ಸರಾಸರಿ ಫ್ರೇಮುಗಳ ಸಂಖ್ಯೆ ಚೆನ್ನಾಗಿಯೇ ಇದ್ದು, ಸಂದಿ ತಿರುಗುವಾಗ ಮಾತ್ರ ಚಿತ್ರ ಒಂದು ಕ್ಷಣ ಎಡವುತ್ತದೆ. ಆ ಎಡವುವಿಕೆಯನ್ನು ಅಳೆಯುವ ‘ಒನ್ ಪರ್ಸೆಂಟ್ ಲೋ’ ಎಂಬ ಅಳತೆಯಲ್ಲಿ ಒಳ್ಳೆಯ ರ‍್ಯಾಮಿನ ಗುಣ ಕಾಣುತ್ತದೆಯೇ ಹೊರತು ಸರಾಸರಿಯಲ್ಲಿ ಅಷ್ಟಾಗಿ ಅಲ್ಲ. 4ಕೆ ಪರದೆಯಲ್ಲಿ ಎಲ್ಲವನ್ನೂ ಅಲ್ಟ್ರಾಗೆ ಏರಿಸಿ ಆಡುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನಿಮ್ಮ ಆಟವನ್ನು ಹಿಡಿದು ನಿಲ್ಲಿಸಿರುವುದು ಗ್ರಾಫಿಕ್ಸ್ ಕಾರ್ಡ್, ರ‍್ಯಾಮಿಗೆ ಹಾಕುವ ದುಡ್ಡನ್ನು ಅದಕ್ಕೆ ಹಾಕಿ.

ನವೆಂಬರಿನ ರಾಜ್ಯೋತ್ಸವದ ಊಟದ ಸಾಲುಗಳಲ್ಲಿ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹ್ಯಾರೋ, ಹೌನ್ಸ್ಲೋ, ಇಲ್ಫರ್ಡ್ ಕಡೆಯ ನಮ್ಮವರ ಮನೆಗಳಲ್ಲಿ ಅಪ್ಪ ಬ್ಯಾಂಕಿನ ಐಟಿಯಲ್ಲಿರುತ್ತಾರೆ, ಮಗ ಸಿಕ್ಸ್ತ್ ಫಾರ್ಮಿನಲ್ಲಿದ್ದು ಶನಿವಾರದ ಕೆಲಸದ ದುಡ್ಡು ಕೂಡಿಟ್ಟು ಪಿಸಿ ಜೋಡಿಸುತ್ತಿರುತ್ತಾನೆ.

“ಅಂಕಲ್, 8000 ಕಿಟ್ ತಗೊಳ್ಲಾ? ಇರೋದ್ರಲ್ಲಿ ಅದೇ ಫಾಸ್ಟು.”

“ಪ್ರೊಸೆಸರ್ ಯಾವುದು ಮರಿ?”

“7800ಎಕ್ಸ್3ಡಿ.”

“ಹಂಗಾದ್ರೆ 6000 ಸಿಎಲ್30 ತಗೊಂಡು ಉಳಿದ ದುಡ್ಡಲ್ಲಿ ಒಳ್ಳೆ ಕುರ್ಚಿ ತಗೊ.”

ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಿದ್ದ ಅಪ್ಪನಿಗೆ ಈ ಉತ್ತರ ತುಂಬಾ ಹಿಡಿಸಿತು. ಹುಡುಗನಿಗೆ ಹಿಡಿಸಲಿಲ್ಲ. ಅವನಿಗೆ ಕಾರಣ ಬೇಕಿತ್ತು, ಅದು ನ್ಯಾಯವೂ ಹೌದು.

ಕಾರಣ ಹೀಗಿದೆ. ಎಎಂಡಿಯ ಎಎಂ5 ಸಾಕೆಟ್ಟಿನ ಪ್ರೊಸೆಸರುಗಳಲ್ಲಿ ರ‍್ಯಾಮಿನ ಕ್ಲಾಕೂ ಅದನ್ನು ನಿಯಂತ್ರಿಸುವ ಮೆಮೊರಿ ಕಂಟ್ರೋಲರಿನ ಕ್ಲಾಕೂ ಒಂದಕ್ಕೊಂದು ಸಮನಾಗಿ ಓಡುವುದು 6000ದ ಸುತ್ತಮುತ್ತ, ಅದೃಷ್ಟವಿದ್ದರೆ 6400ರವರೆಗೆ. ಅದರಾಚೆ 8000ಕ್ಕೆ ಹೋಗಬೇಕಾದರೆ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯಬೇಕು. ಆಗ ಹೊರಗಿನ ಸ್ಟಿಕ್ ಓಡುತ್ತಿದ್ದರೂ ಒಳಗಿನ ಬಾಗಿಲು ನಿಧಾನವಾಗುತ್ತದೆ, ಗಳಿಸಿದ್ದರಲ್ಲಿ ಬಹುಪಾಲು ಅಲ್ಲೇ ಸೋರಿಹೋಗುತ್ತದೆ. 2022ರಲ್ಲಿ ರೈಜೆನ್ 7000 ತಂದಾಗ ಎಎಂಡಿಯೇ 6000ವನ್ನು ಹದವಾದ ವೇಗವೆಂದು ಹೇಳಿತ್ತು. ಅದರ ಮೇಲೆ ಆ ಹುಡುಗನದು ಎಕ್ಸ್3ಡಿ ಚಿಪ್. ಅದರ ಬೆನ್ನಿಗೆ 96 ಎಂಬಿ ಕ್ಯಾಶ್ ಇರುವುದರಿಂದ ಆಟ ಕೇಳುವ ಚೂರುಗಳಲ್ಲಿ ಬಹಳಷ್ಟು ಅಲ್ಲೇ ಸಿಕ್ಕಿಬಿಡುತ್ತವೆ, ರ‍್ಯಾಮಿನ ಬಾಗಿಲು ತಟ್ಟುವ ಪ್ರಸಂಗವೇ ಕಡಿಮೆ. ಎಕ್ಸ್3ಡಿ ಇದ್ದವರಿಗೆ ರ‍್ಯಾಮ್ ಓವರ್‌ಕ್ಲಾಕಿಂಗ್ ಶುದ್ಧ ಹವ್ಯಾಸ. ನಾನು ಹವ್ಯಾಸದ ವಿರೋಧಿಯಲ್ಲ, ಈ ಅಂಕಣವೇ ಅದಕ್ಕಿರುವುದು. ಆದರೆ ಹವ್ಯಾಸವನ್ನು ಅಗತ್ಯವೆಂದು ಅಪ್ಪನಿಗೆ ಹೇಳಿ ದುಡ್ಡು ಕೇಳಬಾರದು.

ಇಂಟೆಲ್ ಕಡೆಯವರ ಕಥೆ ಬೇರೆ. ಕೋರ್ ಅಲ್ಟ್ರಾ 200 ಸರಣಿಗೆ ಸಿಯುಡಿಮ್ ಎಂಬ, ಸ್ಟಿಕ್ಕಿನ ಮೇಲೆಯೇ ಕ್ಲಾಕ್ ಡ್ರೈವರ್ ಇರುವ ರ‍್ಯಾಮ್ ಬಂದಿದೆ. ಅಲ್ಲಿ 8000 ಎಂಬುದು ಬರೀ ಜಂಬದ ಅಂಕಿಯಲ್ಲ. ಆದರೆ ಆ ಬೆಲೆ ಕೊಟ್ಟು ಆ ಪ್ರೊಸೆಸರ್ ಕೊಳ್ಳುವವರು ಆಟಗಾರರಲ್ಲಿ ಕಡಿಮೆ.

ಈಗ ಬಲ್ಲವರ ವಿಷಯಕ್ಕೆ ಬರೋಣ. ಸ್ಟಿಕ್ಕಿನ ಮೇಲೆ ಕೋರ್ಸೇರ್, ಜಿ.ಸ್ಕಿಲ್, ಕಿಂಗ್ಸ್ಟನ್ ಎಂದು ಏನೇ ಬರೆದಿರಲಿ, ಆ ಅಲ್ಯೂಮಿನಿಯಂ ಹೊದಿಕೆಯ ಕೆಳಗಿರುವ ಚಿಪ್ ಬಹುತೇಕ ಮೇಲೆ ಹೇಳಿದ ಮೂವರಲ್ಲಿ ಒಬ್ಬರದೇ. ರ‍್ಯಾಮಿನ ಜಾತಕ ಇರುವುದು ಅಲ್ಲಿ. ಡಿಡಿಆರ್4 ಕಾಲದಲ್ಲಿ ಸ್ಯಾಮ್‌ಸಂಗ್‌ನ 8 ಗಿಗಾಬಿಟ್ ಬಿ-ಡೈ ಎಂಬ ಚಿಪ್ಪಿಗೆ ಓವರ್‌ಕ್ಲಾಕ್ ಮಾಡುವವರು ಕೊಟ್ಟ ಮರ್ಯಾದೆಯನ್ನು ಬೇರೆ ಯಾವ ಚಿಪ್ಪಿಗೂ ಕೊಟ್ಟಿಲ್ಲ. ವೋಲ್ಟೇಜ್ ಏರಿಸಿದಷ್ಟೂ ಅದು ಬಿಗಿಯಾಗುತ್ತಿತ್ತು. ಅದನ್ನು ಗುರುತಿಸಲು ಹೊದಿಕೆ ಬಿಚ್ಚಬೇಕಿಲ್ಲ: 3200 ವೇಗದಲ್ಲಿ 14-14-14 ಎಂದು ಸಿಎಲ್ ಮತ್ತು ಅದರ ಮುಂದಿನ ಎರಡು ಟೈಮಿಂಗ್ ಅಂಕಿಗಳು ಸಮನಾಗಿದ್ದರೆ ಬಿ-ಡೈ ಎಂದೇ ಅರ್ಥ. ಸಿಎಲ್ ಒಂದೇ ತಗ್ಗಿದ್ದು ಮುಂದಿನೆರಡು ಅಂಕಿ ಎತ್ತರದಲ್ಲಿದ್ದರೆ ಅದು ಬೇರೆ ಜಾತಿ. ಬ್ರಿಟನ್ನಿನ ಓವರ್‌ಕ್ಲಾಕರ್ ಇಯನ್ ಪ್ಯಾರಿ, ಅಂದರೆ ‘8ಪ್ಯಾಕ್’, ತಮ್ಮ ಅಡ್ಡಹೆಸರನ್ನೇ ಹಾಕಿಸಿ ಟೀಮ್‌ಗ್ರೂಪ್ ಕಂಪನಿಯ ಕಿಟ್‌ಗಳನ್ನು ತಂದದ್ದೂ ಆ ಕಾಲದಲ್ಲೇ. ಈಗಲೂ ಡಿಡಿಆರ್4 ಮದರ್‌ಬೋರ್ಡ್ ಇಟ್ಟುಕೊಂಡಿರುವ ಲಂಡನ್ನಿನವರಿಗೆ ನನ್ನ ಮಾತು: ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ‘3200 14-14-14’ ಎಂದು ಹುಡುಕಿ. ಮಾರುವವರಲ್ಲಿ ಎಷ್ಟೋ ಮಂದಿಗೆ ತಾವು ಮಾರುತ್ತಿರುವುದು ಏನೆಂದು ಗೊತ್ತಿರುವುದಿಲ್ಲ.

ಡಿಡಿಆರ್5ನಲ್ಲಿ ಆ ಗಾದಿ ಎಸ್‌ಕೆ ಹೈನಿಕ್ಸ್‌ಗೆ ಸಂದಿದೆ. ಅದರ ಎ-ಡೈ, ಎಂ-ಡೈ ಎರಡೂ ಒಳ್ಳೆಯವು. 6000 ವೇಗಕ್ಕೆ ಸಿಎಲ್30, ಅದರ ಮುಂದೆ 36 ಅಥವಾ 38 ಎಂದಿರುವ ಕಿಟ್ ಸಾಮಾನ್ಯವಾಗಿ ಹೈನಿಕ್ಸ್. ಮುಂದೆ 40 ಎಂದು ಕಂಡರೆ ಅನುಮಾನಿಸಿ. ಇನ್ನು ಸ್ಟಿಕ್ಕಿನ ಮೇಲಿನ ಬಣ್ಣದ ದೀಪಗಳ ವಿಷಯ. 2018ರಲ್ಲಿ ಗಿಗಾಬೈಟ್ ಕಂಪನಿ ಎರಡು ನಿಜವಾದ ಸ್ಟಿಕ್ಕಿನ ಜೊತೆ, ಒಳಗೆ ಚಿಪ್ಪೇ ಇಲ್ಲದೆ ಬರೀ ಬಣ್ಣದ ದೀಪ ಉರಿಸುವ ಎರಡು ಸ್ಟಿಕ್ ಸೇರಿಸಿ ಮಾರಿತು, ನಾಲ್ಕೂ ಸ್ಲಾಟ್ ತುಂಬಿ ಕಾಣಲಿ ಎಂದು. ಅದರಲ್ಲಿ ಒಂದು ವಿವೇಕವೂ ಇತ್ತೆಂದು ಒಪ್ಪಬೇಕು, ಏಕೆಂದರೆ ನಾಲ್ಕು ನಿಜವಾದ ಸ್ಟಿಕ್ ಹಾಕುವುದು ಅದಕ್ಕಿಂತ ಕೆಟ್ಟದ್ದು. ಎಎಂ5ನಲ್ಲಿ ಎರಡು ಸ್ಟಿಕ್ಕಿಗೆ ಎಎಂಡಿ ಅಧಿಕೃತವಾಗಿ ಒಪ್ಪುವ ವೇಗ ರೈಜೆನ್ 7000ಕ್ಕೆ 5200, 9000ಕ್ಕೆ 5600. ನಾಲ್ಕು ಸ್ಟಿಕ್ಕಿಗೆ ಎರಡರಲ್ಲೂ 3600. ಹಾಗಾಗಿ ‘ಈಗ ಎರಡು 8 ಜಿಬಿ ಹಾಕೋಣ, ದೀಪಾವಳಿಗೆ ಇನ್ನೆರಡು’ ಎಂಬ ನಮ್ಮ ಮಧ್ಯಮವರ್ಗದ ಜಾಣತನ ಇಲ್ಲಿ ನಡೆಯುವುದಿಲ್ಲ. ಕೊಳ್ಳುವಾಗಲೇ ಎರಡು 16 ಜಿಬಿಯ ಒಂದೇ ಕಿಟ್ ಕೊಂಡು, ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ ಮರೆತುಬಿಡಿ.

ಮರೆಯುವ ಮುಂಚೆ ಬಯೋಸ್‌ಗೆ ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂದಿರುವುದನ್ನು ಆನ್ ಮಾಡಿ. ಇದನ್ನು ಮಾಡದೆ ವರ್ಷಗಟ್ಟಲೆ 6000ದ ಕಿಟ್ಟನ್ನು 4800ರಲ್ಲಿ ಓಡಿಸುತ್ತಿರುವ ಮನೆಗಳನ್ನು ನೋಡಿದ್ದೇನೆ. ಆನ್ ಮಾಡಿದ ಮೇಲೆ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇದ್ದರೆ ಗಾಬರಿಯಾಗಿ ಸ್ವಿಚ್ ತೆಗೆಯಬೇಡಿ. ಡಿಡಿಆರ್5 ಮೊದಲ ಸಲ ತನ್ನನ್ನು ತಾನೇ ಪಳಗಿಸಿಕೊಳ್ಳುತ್ತದೆ.

ಹೆಚ್ಚಿನವರಿಗೆ ಇಷ್ಟು ಸಾಕು. ಇನ್ನೂ ಕೈ ತುರಿಸುವವರು ಸಿಎಲ್ ಅನ್ನು 30ರಿಂದ 28ಕ್ಕೆ ಇಳಿಸಲು ರಾತ್ರಿಗಟ್ಟಲೆ ಹೆಣಗುತ್ತಾರೆ. ನಿಜವಾದ ಗಳಿಕೆ ಇರುವುದು ಬಯೋಸಿನಲ್ಲಿ ಮೂರು ಪುಟ ಕೆಳಗೆ, ಯಾವ ಜಾಹೀರಾತಿನಲ್ಲೂ ಕಾಣದ ಎರಡು ಅಂಕಿಗಳಲ್ಲಿ: ಟಿಆರ್‌ಇಎಫ್‌ಐ ಮತ್ತು ಟಿಆರ್‌ಎಫ್‌ಸಿ. ಡೆನಾರ್ಡ್ ಅವರ ಕೆಪಾಸಿಟರ್ ಸೋರುತ್ತದೆ. ಸೋರಿದ್ದನ್ನು ಆಗಾಗ ತುಂಬಿಸಬೇಕು, ತುಂಬಿಸುವಾಗ ಯಾರೂ ಅದರಿಂದ ಓದುವಂತಿಲ್ಲ. ಡಿಡಿಆರ್5ನ ಮಾಮೂಲಿ ನಿಯಮದಲ್ಲಿ 3.9 ಮೈಕ್ರೊಸೆಕೆಂಡಿಗೊಮ್ಮೆ ತುಂಬಿಸಬೇಕು, 16 ಗಿಗಾಬಿಟ್ ಚಿಪ್ ಅದಕ್ಕೆ 295 ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತದೆ. ಲೆಕ್ಕ ಹಾಕಿ: ನೂರಕ್ಕೆ ಏಳೂವರೆ ಪಾಲು ಸಮಯ ರ‍್ಯಾಮ್ ಬಾಗಿಲು ಹಾಕಿಕೊಂಡು ಕೂತಿರುತ್ತದೆ! 6000 ವೇಗದಲ್ಲಿ ಆ ಮೊದಲ ಅಂಕಿ 11,700 ಕ್ಲಾಕ್, ಎರಡನೆಯದು 885. ಒಳ್ಳೆಯ ಹೈನಿಕ್ಸ್ ಎ-ಡೈ ಇದ್ದರೆ ಎರಡನೆಯದನ್ನು ನಿಧಾನವಾಗಿ 400ರ ಆಸುಪಾಸಿಗೆ ಇಳಿಸಬಹುದು, ಮೊದಲನೆಯದನ್ನು 50,000ಕ್ಕೆ ಏರಿಸಬಹುದು. ಮುಚ್ಚಿದ ಬಾಗಿಲಿನ ಪಾಲು ನೂರಕ್ಕೆ ಒಂದಕ್ಕೂ ಕೆಳಗಿಳಿಯುತ್ತದೆ. ಒಂದು ಪೆನ್ನಿ ಖರ್ಚಿಲ್ಲದೆ ಸಿಗುವ ಈ ಲಾಭಕ್ಕೆ, ಸ್ಟಿಕ್ಕರಿನ ಅಂಕಿ 6000ದಿಂದ 6400 ಆದಾಗ ಸಿಗುವುದನ್ನು ಹೋಲಿಸಿ ನೋಡಿ.

ಈ ಬಿಟ್ಟಿ ಲಾಭಕ್ಕೆ ಲಂಡನ್ನಿನಲ್ಲಿ ಒಂದು ವಿಶೇಷ ಕಂಟಕವಿದೆ. ಬಿಸಿ ಹೆಚ್ಚಿದಷ್ಟೂ ಕೆಪಾಸಿಟರ್ ಬೇಗ ಸೋರುತ್ತದೆ. ಇಲ್ಲಿನ ಹಳೆಯ ಸಾಲುಮನೆಗಳಲ್ಲಿ ಹುಡುಗರ ಕೋಣೆ ಎಂದರೆ ಒಂದೋ ಮಂಚ ಹಾಕಿದರೆ ಮೇಜು ಹಿಡಿಯದ ಬಾಕ್ಸ್ ರೂಮ್, ಇಲ್ಲವೇ ಹೆಂಚಿನ ಕೆಳಗೆ ಪರಿವರ್ತಿಸಿದ ಲಾಫ್ಟ್. ಎಸಿ ಇಲ್ಲ. ಚಳಿ ತಡೆಯಲೆಂದು ಹಾಕಿದ ಇನ್ಸುಲೇಶನ್ ಬೇಸಿಗೆಯಲ್ಲಿ ಶಾಖವನ್ನು ಹೊರಗೆ ಬಿಡುವುದಿಲ್ಲ. 2022ರ ಜುಲೈ 19ರಂದು ಹೀಥ್ರೂದಲ್ಲಿ 40.2 ಡಿಗ್ರಿ ದಾಖಲಾಗಿತ್ತು; ರಾಯಚೂರಿನವರೂ ಒಪ್ಪುವ ಬಿಸಿಲು ಅದು. ಅಂಥ ಕೋಣೆಯಲ್ಲಿ ಮುನ್ನೂರು ವ್ಯಾಟ್ ಉಗುಳುವ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರ ಮೇಲೆದ್ದು ರ‍್ಯಾಮಿಗೆ ಬಡಿಯುತ್ತದೆ. ಡಿಡಿಆರ್5ನಲ್ಲಿ ವಿದ್ಯುತ್ ನಿಯಂತ್ರಿಸುವ ಚಿಪ್ಪೂ ಸ್ಟಿಕ್ಕಿನ ಮೇಲೆಯೇ ಇರುವುದರಿಂದ ಅದರ ಸ್ವಂತ ಬಿಸಿ ಬೇರೆ. ಫೆಬ್ರವರಿಯ ಥಂಡಿಯಲ್ಲಿ ಇಡೀ ರಾತ್ರಿ ಪರೀಕ್ಷೆ ದಾಟಿದ ಸೆಟ್ಟಿಂಗ್ ಜುಲೈಯಲ್ಲಿ ಬೀಳುವುದು ಹೀಗೆ.

ಬೀಳುವುದೆಂದರೆ ನೀಲಿ ಪರದೆ ಬಂದು ಬಿದ್ದರೆ ಪುಣ್ಯ. ಹ್ಯಾರೋದ ಗೆಳೆಯರೊಬ್ಬರ ಲಾಫ್ಟಿನಲ್ಲಿ ಆದದ್ದೇ ಬೇರೆ. ಆಟಗಳು ಸರಾಗವಾಗಿ ಓಡುತ್ತಿದ್ದವು. ಇಳಿಸಿಕೊಂಡ ಗೇಮ್ ಫೈಲುಗಳು ಮಾತ್ರ ಮತ್ತೆ ಮತ್ತೆ ‘ಕೆಟ್ಟಿವೆ’ ಎಂದು ಬರುತ್ತಿದ್ದವು, ಆಮೇಲೆ ಊರಿನ ಗೃಹಪ್ರವೇಶದ ಫೋಟೊಗಳಲ್ಲಿ ಕೆಲವು ಅರ್ಧಕ್ಕೆ ಬೂದು ಬಣ್ಣಕ್ಕೆ ತಿರುಗಿದ್ದು ಕಂಡಿತು. ಅವರು ಬ್ರಾಡ್‌ಬ್ಯಾಂಡಿನವರನ್ನು ಬೈದರು, ಹಾರ್ಡ್ ಡಿಸ್ಕ್ ಬದಲಿಸಿದರು. ಕೊನೆಗೆ ಎಚ್‌ಡಬ್ಲ್ಯುಇನ್ಫೊ ಎಂಬ, ಉಷ್ಣತೆ ತೋರಿಸುವ ತಂತ್ರಾಂಶ ತೆರೆದು ನೋಡಿದಾಗ ಆಟದ ನಡುವೆ ಸ್ಟಿಕ್ಕಿನ ಉಷ್ಣತೆ 60 ಡಿಗ್ರಿ ದಾಟಿತ್ತು, ಟಿಆರ್‌ಇಎಫ್‌ಐ ಏರಬಹುದಾದ ತುತ್ತತುದಿ 65,535ರಲ್ಲಿತ್ತು. ಅದನ್ನು ಇಳಿಸಿ, ರ‍್ಯಾಮಿನ ಮೇಲೆ ಗಾಳಿ ಬೀಸುವಂತೆ ಒಂದು ಸಣ್ಣ ಫ್ಯಾನ್ ಕಟ್ಟಿದ ಮೇಲೆ ಸರಿಹೋಯಿತು. ಫೋಟೊಗಳು ಸರಿಹೋಗಲಿಲ್ಲ.

ಆದ್ದರಿಂದ ಪರೀಕ್ಷೆ ಎಂದರೆ ಮೆಮ್‌ಟೆಸ್ಟ್86 ಒಂದನ್ನು ಓಡಿಸಿ ಮಲಗುವುದಲ್ಲ. ಅದು ಓಡುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಕೂತಿರುತ್ತದೆ. ಅದು ಮುಗಿದ ಮೇಲೆ ವಿಂಡೋಸಿನಲ್ಲಿ ಟೆಸ್ಟ್‌ಮೆಮ್5 ಅಥವಾ ಕಾರ್ಹು, ಆಮೇಲೆ ಕಿಟಕಿ ಮುಚ್ಚಿ ನೀವು ಆಡುವುದರಲ್ಲೇ ಅತಿ ಭಾರದ ಆಟವನ್ನು ಎರಡು ಗಂಟೆ ಆಡಿ, ಬಿಸಿ ಆರುವ ಮುಂಚೆ ಇನ್ನೊಮ್ಮೆ ಪರೀಕ್ಷೆ. ಒಂದೇ ಒಂದು ತಪ್ಪು ಕಂಡರೂ ಒಂದು ಹೆಜ್ಜೆ ಹಿಂದಕ್ಕೆ. ‘ಒಂದು ಎರರ್ ತಾನೆ’ ಎನ್ನುವವರು ರ‍್ಯಾಮ್ ಓವರ್‌ಕ್ಲಾಕಿಂಗಿಗೆ ಕೈ ಹಾಕಬಾರದು. ವೋಲ್ಟೇಜ್ ವಿಷಯದಲ್ಲೂ ಅಷ್ಟೆ. ಸ್ಟಿಕ್ಕಿಗೆ ಕಿಟ್ಟಿನ ಮೇಲೆ ಬರೆದಿರುವ 1.35 ಅಥವಾ 1.4 ಸಾಕು. ಎಎಂಡಿಯಲ್ಲಿ ಮೆಮೊರಿ ಕಂಟ್ರೋಲರಿಗೆ ಹೋಗುವ ಎಸ್ಒಸಿ ವೋಲ್ಟೇಜನ್ನು ಮಾತ್ರ ಎಂದೂ 1.3 ದಾಟಿಸಬೇಡಿ, 2023ರಲ್ಲಿ ಕೆಲವು ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟ ಮೇಲೆ ಹೊಸ ಬಯೋಸ್‌ಗಳಲ್ಲಿ ಆ ಮಿತಿಯನ್ನೇ ಹಾಕಿದರು. ಹಳೆಯ ಬಯೋಸ್ ಇದ್ದರೆ ಮೊದಲು ಅದನ್ನು ಬದಲಿಸಿ.

ಇನ್ನು ಈ ಬೆಲೆಯಲ್ಲಿ ಕೊಳ್ಳಬೇಕೇ? ಡಿಡಿಆರ್4-3600 ಅಥವಾ ಒಳ್ಳೆಯ 3200 ಇಟ್ಟುಕೊಂಡು ಎಎಂಡಿಯ ಹಿಂದಿನ ಎಎಂ4 ಸಾಕೆಟ್ಟಿನಲ್ಲಿರುವವರು ಅಲ್ಲೇ ಇರಿ. ದುಡ್ಡಿದ್ದರೆ ಸೆಕೆಂಡ್ ಹ್ಯಾಂಡಿನಲ್ಲಿ 5800ಎಕ್ಸ್3ಡಿ ಹುಡುಕಿ, ಅದರ ಕ್ಯಾಶ್ ಹೊಸ ರ‍್ಯಾಮ್ ಮಾಡಬೇಕಾದ ಕೆಲಸವನ್ನು ತಾನೇ ಮಾಡುತ್ತದೆ. 16 ಜಿಬಿ ಇರುವವರು ಫ್ಲೈಟ್ ಸಿಮ್ಯುಲೇಟರಿನಂಥ ಹೊಟ್ಟೆಬಾಕ ಆಟ ಆಡದಿದ್ದರೆ ಈ ವರ್ಷ ತಳ್ಳಬಹುದು. ಹೊಸದಾಗಿ ಕಟ್ಟಲೇಬೇಕಾದವರಿಗೆ 6000 ಸಿಎಲ್30, ಎರಡು 16 ಜಿಬಿ, ದೀಪವಿಲ್ಲದ್ದು. ಸಿಎಲ್36 ನಲವತ್ತು ಪೌಂಡ್ ಅಗ್ಗಕ್ಕೆ ಸಿಕ್ಕಿ ನಿಮ್ಮದು ಎಕ್ಸ್3ಡಿ ಆಗಿದ್ದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಿ.

ಕೊನೆಯದಾಗಿ ಒಂದು ವಿನಂತಿ. ಡಬ್ಬಿ, ರಸೀದಿ ಎಸೆಯಬೇಡಿ, ಪರೀಕ್ಷೆಯನ್ನು ಬ್ಯಾಂಕ್ ಹಾಲಿಡೇಗೆ ಮುಂದೂಡಬೇಡಿ. ಬ್ರಿಟನ್ನಿನಲ್ಲಿ ಆನ್‌ಲೈನಿನಲ್ಲಿ ಕೊಂಡದ್ದು ಬೇಡವೆನಿಸಿದರೆ, ಕೈಗೆ ಬಂದ 14 ದಿನದೊಳಗೆ ಮಾರಿದವರಿಗೆ ತಿಳಿಸಿ ವಾಪಸ್ ಮಾಡಬಹುದು, ಕಾರಣ ಹೇಳಬೇಕಿಲ್ಲ. ಸರಕಿನಲ್ಲೇ ದೋಷವಿದ್ದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ 30 ದಿನದವರೆಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ಪರೀಕ್ಷೆ ಮಾಡುವಾಗ ಮೊದಲು ಎಲ್ಲವನ್ನೂ ಮಾಮೂಲಿ ವೇಗದಲ್ಲಿ ಒಮ್ಮೆ ಓಡಿಸಿ ನೋಡಿ. ಅಲ್ಲೇ ತಪ್ಪು ಬಂದರೆ ಸ್ಟಿಕ್ಕನ್ನು ಹಿಂದಕ್ಕೆ ಕಳಿಸಿ. ನಿಮ್ಮ ಓವರ್‌ಕ್ಲಾಕಿನಲ್ಲಿ ಮಾತ್ರ ಬಂದರೆ ಅದಕ್ಕೆ ಅಂಗಡಿಯವರು ಹೊಣೆಯಲ್ಲ.